ರಮಿಸುವುದು ಬೇರೆ, ಬಾಯಿ ಮುಚ್ಚಿಸುವುದು ಬೇರೆ

(ಎಳೆಗೂಸುಗಳ ತಂದೆತಾಯಿಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭಿಕರು ನಡುನಡುವೆ ಕೇಳಿದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಿಕೊಂಡಿದ್ದೇನೆ. ಹೇಳಿದ್ದನ್ನೇ ಹೇಳಿದ ಕಡೆಗಳಲ್ಲಿ ಕತ್ತರಿ ಆಡಿಸಿದ್ದೇನೆ, ಎಲ್ಲ ಕಡೆ ಅಲ್ಲ.)

ಮೊದಲು ಒಂದು ಸದ್ದು ಕೇಳಿಸುತ್ತೇನೆ. ಅರ್ಧ ನಿಮಿಷ ಅಷ್ಟೇ. ಐದು ವಾರದ ಒಂದು ಕೂಸಿನ ಅಳು, ಫೋನಿನಲ್ಲಿ ಹಿಡಿದದ್ದು.

ಸರಿ, ನಿಲ್ಲಿಸಿದೆ. ನೀವು ಅದನ್ನು ಕೇಳುತ್ತಿದ್ದಾಗ ನಾನು ನಿಮ್ಮನ್ನು ನೋಡುತ್ತಿದ್ದೆ. ಎರಡನೇ ಸಾಲಿನಲ್ಲಿ ಒಬ್ಬರು ಕುರ್ಚಿಯಿಂದ ಅರ್ಧ ಎದ್ದು, ಆಮೇಲೆ ನೆನಪಾಗಿ ಕೂತರು. ಈ ಕಡೆ ಒಬ್ಬರು ತಮಗೇ ಗೊತ್ತಿಲ್ಲದೆ ತೊಡೆ ತಟ್ಟುತ್ತಿದ್ದರು, ತೊಡೆಯ ಮೇಲೆ ಮಗು ಇರಲಿಲ್ಲ. ಹಿಂದೆ ಕೂತಿದ್ದವರೊಬ್ಬರು ನನ್ನನ್ನು ಹೊಡೆಯುವ ಹಾಗೆ ನೋಡಿದರು. ಮೂರೂ ಸರಿಯೇ. ಮೂರನೆಯದರ ಬಗ್ಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ನಾನು ಕೊನೆಯಲ್ಲಿ ಅದಕ್ಕೆ ಬರುತ್ತೇನೆ.

ಈ ಸದ್ದು ನಮ್ಮನ್ನು ಸುಮ್ಮನೆ ಕೂರಲು ಬಿಡದಿರುವುದಕ್ಕೆ ಕಾರಣವಿದೆ. ಎಳೆಗೂಸಿನ ಅಳುವಿನ ಮೂಲಸ್ವರ ಸೆಕೆಂಡಿಗೆ ಸುಮಾರು 400ರಿಂದ 500 ಕಂಪನಗಳದ್ದು. ಅದು ಚೀರಾಟಕ್ಕೆ ತಿರುಗಿದಾಗ ಮೇಲಿನ ಸ್ವರಗಳಿಗೂ ಬಲ ಬರುತ್ತದೆ, ಅವು ಹೋಗಿ ತಾಗುವುದು ನಮ್ಮ ಕಿವಿ ಅತಿ ಚುರುಕಾಗಿರುವ ಜಾಗಕ್ಕೆ, ಅಂದರೆ 2,000ದಿಂದ 5,000 ಕಂಪನಗಳ ನಡುವೆ. ಗೋಡೆಯಾಚೆಗಿನ ಮಾತು ನಮಗೆ ಅರ್ಥವಾಗದೆ ಹೋಗಬಹುದು, ಗೋಡೆಯಾಚೆಗಿನ ಕೂಸಿನ ಅಳು ಕೇಳದೆ ಹೋಗುವುದಿಲ್ಲ. ಕೈಯಲಾಗದ, ಮಾತು ಬಾರದ, ಹೊರಳಲೂ ಆಗದ ಒಂದು ಜೀವಕ್ಕೆ ಇರುವುದು ಅದೊಂದೇ ಆಯುಧ. ಅದು ಮೊಂಡಾಗಿದ್ದರೆ ನಾವ್ಯಾರೂ ಇವತ್ತು ಇಲ್ಲಿ ಕೂತಿರುತ್ತಿರಲಿಲ್ಲ.

ನಮ್ಮ ಭಾಷೆಯಲ್ಲಿ ಅಳುವ ಮಗುವಿನ ಜೊತೆ ಬಳಸುವ ಎರಡು ಮಾತುಗಳಿವೆ. ಒಂದು, ‘ಬಾಯಿ ಮುಚ್ಚಿಸು’. ಇನ್ನೊಂದು, ‘ರಮಿಸು’. ಮೊದಲನೆಯದರಲ್ಲಿ ಗುರಿ ಸದ್ದು. ಎರಡನೆಯದರಲ್ಲಿ ಗುರಿ ಮಗು. ನಾವು ಮಾಡುವ ಮುಕ್ಕಾಲು ಪಾಲು ತಪ್ಪುಗಳು ರಮಿಸಲು ಹೋಗಿ ಬಾಯಿ ಮುಚ್ಚಿಸುವುದಕ್ಕೆ ಇಳಿಯುವುದರಿಂದ ಆಗುವಂಥವು. ನನ್ನದೂ ಅದೇ ಕಥೆ.

ನಾನು ನವಜಾತ ಶಿಶುಗಳ ವಾರ್ಡಿನಲ್ಲಿ ನರ್ಸ್. ಅಳುವ ಕೂಸನ್ನು ನನ್ನ ಕೈಗೆ ಕೊಟ್ಟರೆ ಎರಡು ನಿಮಿಷಕ್ಕೆ ನಿದ್ದೆ ಹೋಗುತ್ತದೆ ಎಂದು ಹೆಸರಿತ್ತು. ಹೊಸ ತಾಯಂದಿರು ‘ಸಿಸ್ಟರ್, ನಿಮ್ಮ ಕೈಯಲ್ಲಿ ಏನೋ ಇದೆ’ ಅನ್ನುತ್ತಿದ್ದರು, ನಾನೂ ನಂಬಿಬಿಟ್ಟಿದ್ದೆ. ಆಮೇಲೆ ನನಗೇ ಮಗಳು ಹುಟ್ಟಿದಳು. ಮೂರನೇ ವಾರದಿಂದ ಸಂಜೆ ಆರೂವರೆಗೆ ಶುರು ಮಾಡಿದರೆ ಒಂಬತ್ತೂವರೆವರೆಗೆ ಬಿಡುವಿಲ್ಲ. ಹಾಲು ಕೊಟ್ಟರೆ ನಾಲ್ಕು ಸಲ ಚೀಪಿ ತಲೆ ಹಿಂದಕ್ಕೆ ಎಸೆಯುವಳು. ಬೆನ್ನು ಬಿಲ್ಲಿನ ಹಾಗೆ ಬಾಗಿಸುವಳು. ನನ್ನ ಕೈಯಲ್ಲಿ ಇದ್ದದ್ದು ಏನಾಯಿತು?

ಏನೂ ಇರಲಿಲ್ಲ. ವಾರ್ಡಿನ ಕೂಸುಗಳಿಗೆ ಎರಡು ದಿನ, ಮೂರು ದಿನ. ಆ ವಯಸ್ಸಿನಲ್ಲಿ ಮಕ್ಕಳು ಇನ್ನೂ ಹುಟ್ಟಿದ ದಣಿವಿನಲ್ಲೇ ಇರುತ್ತವೆ, ಸುಲಭವಾಗಿ ಮಲಗುತ್ತವೆ. ಅಳುವಿನ ಕಾಲ ಶುರುವಾಗುವ ಮೊದಲೇ ನಾವು ಅವನ್ನು ಮನೆಗೆ ಕಳಿಸಿಬಿಟ್ಟಿರುತ್ತೇವೆ. ನನ್ನ ಜಾಣತನವೆಲ್ಲ ಆ ಮಕ್ಕಳ ವಯಸ್ಸಿನದು. ‘ಆಸ್ಪತ್ರೆಯಲ್ಲಿ ಎಷ್ಟು ಒಳ್ಳೆಯ ಮಗು ಆಗಿತ್ತು, ಮನೆಗೆ ಬಂದ ಮೇಲೆ ಏನಾಯಿತೋ’ ಎಂದು ಎಷ್ಟು ತಾಯಂದಿರು ಫೋನ್ ಮಾಡಿದ್ದಾರೋ. ಏನೂ ಆಗಿಲ್ಲ. ಎರಡು ವಾರ ಕಳೆದಿದೆ, ಅಷ್ಟೇ.

ಈ ಎರಡು ವಾರದ ಲೆಕ್ಕ ನನ್ನದಲ್ಲ. 1962ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಬೆರಿ ಬ್ರೇಜಲ್ಟನ್ 80 ಶಿಶುಗಳ ತಾಯಂದಿರಿಂದ ಪ್ರತಿದಿನದ ಅಳುವಿನ ಲೆಕ್ಕ ಬರೆಸಿ ಪ್ರಕಟಿಸಿದರು. ಎರಡನೇ ವಾರದಲ್ಲಿ ದಿನಕ್ಕೆ ಸುಮಾರು ಒಂದೂ ಮುಕ್ಕಾಲು ಗಂಟೆ. ಆರನೇ ವಾರಕ್ಕೆ ಅದು ಎರಡೂ ಮುಕ್ಕಾಲು ಗಂಟೆಗೆ ಏರಿತು. ಅಲ್ಲಿಂದ ಇಳಿಮುಖ. ಆ ಕಾಗದದ ಮೇಲಿನ ಗೆರೆ ಒಂದು ಗುಡ್ಡದ ಹಾಗಿತ್ತು. 2017ರಲ್ಲಿ ಬೇರೆ ಬೇರೆ ದೇಶಗಳ 8,690 ಶಿಶುಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ಮೊದಲ ಆರು ವಾರ ದಿನಕ್ಕೆ ಸರಾಸರಿ ಎರಡು ಗಂಟೆ, ಹತ್ತು ಹನ್ನೆರಡು ವಾರದ ಹೊತ್ತಿಗೆ 68 ನಿಮಿಷ ಎಂದು ಬಂತು. ತುದಿ ಅಷ್ಟು ಚೂಪಾಗಿ ಕಾಣಲಿಲ್ಲ, ಇಳಿಜಾರು ಮಾತ್ರ ಅದೇ. ಒಂದು ಗಮ್ಮತ್ತಿನ ವಿಷಯ: ತಿಂಗಳು ತುಂಬದೆ ಹುಟ್ಟಿದ ಮಕ್ಕಳಲ್ಲೂ ಈ ತುದಿ ಬರುವುದು ಹುಟ್ಟಿದ ದಿನದಿಂದ ಎಣಿಸಿ ಆರು ವಾರಕ್ಕಲ್ಲ, ಹುಟ್ಟಬೇಕಾಗಿದ್ದ ದಿನದಿಂದ ಎಣಿಸಿ ಆರು ವಾರಕ್ಕೆ. ಅಂದರೆ ಅಳುವಿನ ಈ ಗಡಿಯಾರ ಮನೆಯಲ್ಲಿ ಇಲ್ಲ, ನಿಮ್ಮ ಕೈಯಲ್ಲೂ ಇಲ್ಲ. ಅದು ಮಗುವಿನ ಮಿದುಳು ಬಲಿಯುವ ಗತಿಯಲ್ಲಿದೆ.

ಮಗುವನ್ನು ಸದಾ ಮೈಗೆ ಅಂಟಿಸಿಕೊಂಡೇ ಇದ್ದರೆ ಅಳುವೇ ಇರುವುದಿಲ್ಲ ಎನ್ನುವವರಿದ್ದಾರೆ. ಆಫ್ರಿಕಾದ ಕಲಹಾರಿಯ ಕುಂಗ್ ಸಾನ್ ಜನರಲ್ಲಿ ತಾಯಂದಿರು ಕೂಸನ್ನು ಹಗಲಿಡೀ ಹೊತ್ತು ತಿರುಗುತ್ತಿದ್ದರು, ಗಂಟೆಗೆ ಹಲವು ಸಲ ಹಾಲೂಡಿಸುತ್ತಿದ್ದರು, ಅತ್ತ ತಕ್ಷಣ ಎತ್ತಿಕೊಳ್ಳುತ್ತಿದ್ದರು. ಆ ಮಕ್ಕಳ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಅಲ್ಲೂ ಮೊದಲ ಮೂರು ತಿಂಗಳಲ್ಲಿ ಅದೇ ಗುಡ್ಡ! ಮಕ್ಕಳು ಅಳಲು ಶುರು ಮಾಡುತ್ತಿದ್ದದ್ದೂ ಅಷ್ಟೇ ಸಲ. ವ್ಯತ್ಯಾಸ ಇದ್ದದ್ದು ಒಂದರಲ್ಲಿ, ಪ್ರತಿ ಅಳುವೂ ಬೇಗ ಮುಗಿಯುತ್ತಿತ್ತು. ನನಗೆ ಈ ಅಧ್ಯಯನ ಬಹಳ ಇಷ್ಟ, ಏಕೆಂದರೆ ರಮಿಸುವವರ ಕೈಯಲ್ಲಿ ಏನಿದೆ, ಏನಿಲ್ಲ ಎನ್ನುವುದನ್ನು ಅದು ತಕ್ಕಡಿಯಲ್ಲಿಟ್ಟ ಹಾಗೆ ತೋರಿಸುತ್ತದೆ. ಅಳು ಬರುವುದನ್ನು ನಾವು ತಡೆಯಲಾರೆವು. ಬಂದದ್ದನ್ನು ಚಿಕ್ಕದು ಮಾಡಬಹುದು.

‘ಕಾಲಿಕ್’ ಎಂಬ ಪದ ನೀವೆಲ್ಲ ಕೇಳಿರುತ್ತೀರಿ. 1954ರಲ್ಲಿ ಮಾರಿಸ್ ವೆಸೆಲ್ ಎಂಬ ವೈದ್ಯರು ಅದಕ್ಕೊಂದು ಲೆಕ್ಕ ಹಾಕಿದರು: ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು, ವಾರಕ್ಕೆ ಮೂರು ದಿನಕ್ಕಿಂತ ಹೆಚ್ಚು, ಮೂರು ವಾರಕ್ಕಿಂತ ಹೆಚ್ಚು. ಗಮನಿಸಿ, ಇದರಲ್ಲಿ ಹೊಟ್ಟೆಯ ಮಾತೇ ಇಲ್ಲ. ಇದು ಬರೀ ಗಡಿಯಾರದ ಲೆಕ್ಕ, ರೋಗದ ಹೆಸರಲ್ಲ. ಡಾಕ್ಟರು ‘ಕಾಲಿಕ್’ ಅಂದರೆ ‘ನಿಮ್ಮ ಮಗು ಆರೋಗ್ಯವಾಗಿದೆ, ಬಹಳ ಅಳುತ್ತದೆ’ ಎಂದಷ್ಟೇ ಅರ್ಥ. ನಾವು ಕೇಳಿಸಿಕೊಳ್ಳುವುದು ‘ಹೊಟ್ಟೆನೋವು’ ಅಂತ. ಕಾಲು ಮಡಚಿ ಹೊಟ್ಟೆಗೆ ಒತ್ತುತ್ತದಲ್ಲ, ಮುಖ ಕೆಂಪಾಗುತ್ತದಲ್ಲ, ಗಾಳಿ ಬಿಡುತ್ತದಲ್ಲ ಎಂದು ಕೇಳುತ್ತೀರಿ. ಎಳೆಗೂಸು ಯಾವ ಕಾರಣಕ್ಕೆ ಜೋರಾಗಿ ಅತ್ತರೂ ಮೈಯೆಲ್ಲ ಬಿಗಿಹಿಡಿದೇ ಅಳುತ್ತದೆ. ಗಾಳಿಯ ಬಹುಪಾಲು ಅಳುವಾಗ ನುಂಗಿದ್ದು. ನಾವು ಪರಿಣಾಮವನ್ನು ಕಾರಣ ಅಂದುಕೊಂಡು ಹೊಟ್ಟೆಗೆ ಔಷಧಿ ಹುಡುಕುತ್ತೇವೆ.

ಹಾಗೆ ಹುಡುಕಿದ್ದರ ಚರಿತ್ರೆ ಸಣ್ಣದಲ್ಲ. 1849ರಿಂದ ಅಮೆರಿಕದಲ್ಲಿ ‘ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್’ ಎಂಬ ಔಷಧಿ ಮಾರಾಟವಾಗುತ್ತಿತ್ತು. ಹಲ್ಲು ಬರುವ, ರಚ್ಚೆ ಹಿಡಿಯುವ ಮಕ್ಕಳಿಗೆ ಒಂದು ಚಮಚ. ಮಗು ಸುಮ್ಮನಾಗುತ್ತಿತ್ತು, ನಿಜ. ಅದರಲ್ಲಿ ಇದ್ದದ್ದು ಮಾರ್ಫಿನ್. ಕೆಲವು ಮಕ್ಕಳು ಎದ್ದೇ ಇಲ್ಲ. 1911ರಲ್ಲಿ ಅಮೆರಿಕದ ವೈದ್ಯರ ಸಂಘ ಅದನ್ನು ಶಿಶುಹಂತಕ ಔಷಧಿಗಳ ಸಾಲಿಗೆ ಸೇರಿಸಿತು. ಬಾಯಿ ಮುಚ್ಚಿಸುವುದು ಅಂದೆನಲ್ಲ, ಅದರ ತುತ್ತತುದಿ ಇದು. ಇವತ್ತಿನ ಹನಿಗಳಲ್ಲಿ ಮಾರ್ಫಿನ್ ಇಲ್ಲ, ಸರಿ. ಗ್ಯಾಸಿಗೆಂದು ಕೊಡುವ ಸಿಮೆಥಿಕೋನ್ ಪರೀಕ್ಷೆಗಳಲ್ಲಿ ಬರಿಯ ಹುಸಿ ಔಷಧಿಗಿಂತ ಮೇಲೆ ನಿಂತಿಲ್ಲ. ಹೊಟ್ಟೆ ಹಿಡಿತಕ್ಕೆ ಕೊಡುವ ಡೈಸೈಕ್ಲೊಮೈನ್ ಆರು ತಿಂಗಳಿಗಿಂತ ಚಿಕ್ಕ ಮಕ್ಕಳಿಗೆ ಕೊಡಲೇಬಾರದು, ಉಸಿರಾಟಕ್ಕೆ ತೊಂದರೆಯಾದ ಉದಾಹರಣೆಗಳಿವೆ. ಮನೆಯ ಡಬ್ಬಿಯಲ್ಲಿ ದೊಡ್ಡ ಮಗುವಿಗೆ ಬರೆದುಕೊಟ್ಟದ್ದು ಉಳಿದಿರುತ್ತದೆ, ಅದನ್ನು ಮುಟ್ಟಬೇಡಿ. ಜೇನುತುಪ್ಪ ನೆಕ್ಕಿಸುವುದೂ ಒಂದು ವರ್ಷ ತುಂಬುವವರೆಗೆ ಬೇಡ, ಬಾಟ್ಯುಲಿಸಂ ಎಂಬ ಅಪಾಯಕಾರಿ ವಿಷಬಾಧೆ ಅದರಿಂದ ಬರಬಹುದು.

ಮುಂದಿನ ಸಾಲಿನ ಹುಡುಗ ಆಗಿನಿಂದ ಕೈ ಎತ್ತಿದ್ದಾರೆ. ‘ಎಲ್ಲವೂ ವಯಸ್ಸಿನ ಅಳು ಅಂತ ಕೂತರೆ, ನಿಜವಾಗಿ ನೋವಿದ್ದಾಗ ಹೇಗೆ ಗೊತ್ತಾಗುತ್ತೆ ಮೇಡಂ?’

ಸರಿಯಾದ ಪ್ರಶ್ನೆ, ಇದನ್ನು ಮೊದಲೇ ಹೇಳಬೇಕಿತ್ತು. ಹಸಿವು, ಒದ್ದೆ, ಸೆಕೆ, ಚಳಿ, ನಿದ್ದೆ, ಇವು ನಿಮಗೆ ಗೊತ್ತು. ಅವನ್ನೆಲ್ಲ ನೋಡಿದ ಮೇಲೂ ಅಳು ನಿಲ್ಲದಿದ್ದರೆ ಒಂದು ಕೆಲಸ ಮಾಡಿ: ಬೆಳಕಿನಲ್ಲಿ ಮಗುವಿನ ಬಟ್ಟೆ ಪೂರ್ತಿ ಬಿಚ್ಚಿ. ಕಾಲ್ಚೀಲ ಕೈಚೀಲ ಸಹಿತ. ಒಂದೊಂದೇ ಬೆರಳನ್ನು ಬಿಡಿಸಿ ನೋಡಿ. ಒಮ್ಮೆ ಒಂದು ಮಗು ಮಧ್ಯಾಹ್ನದಿಂದ ಅಳುತ್ತಿದೆ ಎಂದು ಕರೆತಂದಿದ್ದರು. ಹಾಲು, ಹನಿ, ಎಲ್ಲ ಆಗಿತ್ತು. ಕಾಲ್ಚೀಲ ತೆಗೆದರೆ ಎರಡನೇ ಕಾಲ್ಬೆರಳು ಕೆಂಪಗೆ ಊದಿ ದ್ರಾಕ್ಷಿಯ ಹಾಗಾಗಿತ್ತು. ಬುಡದಲ್ಲಿ ಒಂದು ಗೆರೆ. ಮೊದಲು ಚರ್ಮದ ಮಡಿಕೆ ಅಂದುಕೊಂಡೆವು. ಭೂತಗನ್ನಡಿ ಹಿಡಿದಾಗ ಕಂಡಿತು, ತಾಯಿಯ ತಲೆಗೂದಲು. ಒಂದೇ ಒಂದು ಎಳೆ, ಮೂರು ಸುತ್ತು. ಹೆರಿಗೆಯಾದ ಕೆಲವು ತಿಂಗಳಿಗೆ ತಾಯಂದಿರ ಕೂದಲು ಉದುರುವುದು ಸಾಮಾನ್ಯ, ಆ ಎಳೆ ಕಾಲ್ಚೀಲದೊಳಗೆ ಸೇರಿತ್ತು. ಕತ್ತರಿಸಿ ತೆಗೆದ ಹತ್ತು ನಿಮಿಷಕ್ಕೆ ಮಗು ಮಲಗಿತು. ಕೈಬೆರಳು, ಕಾಲ್ಬೆರಳು, ಗಂಡುಮಗುವಾದರೆ ಶಿಶ್ನ, ಇಷ್ಟನ್ನೂ ನೋಡಿ. ತೊಡೆಸಂದಿಯಲ್ಲಿ ಗಟ್ಟಿ ಗಂಟು ಇದೆಯಾ ನೋಡಿ, ಹರ್ನಿಯಾ ಸಿಕ್ಕಿಕೊಂಡಿದ್ದರೆ ಅದು ತುರ್ತು.

ಇನ್ನು ಕಾಯದೆ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳು. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ. ಹಸಿರು ವಾಂತಿ. ಮಲದಲ್ಲಿ ರಕ್ತ. ನೆತ್ತಿಯ ಮೆತ್ತನೆಯ ಭಾಗ ಉಬ್ಬಿರುವುದು. ಹಾಲು ಬೇಡವೆನ್ನುವುದು, ಕೈಕಾಲು ಸೋತು ಜೋತುಬೀಳುವುದು. ಎಂದಿನದಲ್ಲದ ಅಳು, ತೀರಾ ಕೀರಲು ಅಥವಾ ತೀರಾ ಕ್ಷೀಣ. ಒಂದು ಮಾತು ನೆನಪಿಡಿ. ಜೋರಾಗಿ ಅಳುವ ಮಗುವಿಗಿಂತ ಅಳಲೂ ತ್ರಾಣವಿಲ್ಲದ ಮಗು ನಮ್ಮನ್ನು ಹೆಚ್ಚು ಹೆದರಿಸುತ್ತದೆ.

ಈಗ ಎತ್ತಿಕೊಳ್ಳುವ ವಿಷಯ. ಇದಕ್ಕೆ ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತೇನೆ.

ಮಗುವನ್ನು ಎತ್ತಿಕೊಂಡು ಕೂತರೆ ಅಳುತ್ತದೆ, ಎದ್ದು ನಡೆದರೆ ನಿಲ್ಲಿಸುತ್ತದೆ, ಮತ್ತೆ ಕೂತರೆ ಮತ್ತೆ ಶುರು. ‘ನೋಡು, ನಾನು ಕೂತದ್ದು ಅದಕ್ಕೆ ಗೊತ್ತಾಗುತ್ತೆ, ಎಂಥ ಕಳ್ಳ’ ಎಂದು ನಾವು ನಗುತ್ತೇವೆ, ರಾತ್ರಿ ಎರಡು ಗಂಟೆಗೆ ನಗುವುದಿಲ್ಲ. ಜಪಾನಿನ ರಿಕೆನ್ ಸಂಶೋಧನಾ ಸಂಸ್ಥೆಯ ಕುಮಿ ಕುರೋಡ ಅವರ ತಂಡ ಇದನ್ನೇ ಹಿಡಿದು ಅಳೆಯಿತು. 2013ರಲ್ಲಿ ಅವರು ತೋರಿಸಿದ್ದು: ತಾಯಿ ಎತ್ತಿಕೊಂಡು ನಡೆಯಲು ಶುರು ಮಾಡಿದ ಕೂಡಲೇ ಆರು ತಿಂಗಳೊಳಗಿನ ಕೂಸಿನ ಕೈಕಾಲು ಆಟ ನಿಲ್ಲುತ್ತದೆ, ಅಳು ತಗ್ಗುತ್ತದೆ, ಎದೆಬಡಿತ ಇಳಿಯುತ್ತದೆ. ಇಲಿಮರಿಯಲ್ಲೂ ಅಷ್ಟೇ, ತಾಯಿ ಕತ್ತಿನ ಹಿಂದಿನ ಚರ್ಮ ಕಚ್ಚಿ ಎತ್ತಿದರೆ ಮರಿ ಮುದುರಿ ತೆಪ್ಪಗಾಗುತ್ತದೆ. ಓಡುವ ತಾಯಿಯ ಬಾಯಲ್ಲಿ ಕೊಸರಾಡುವ ಮರಿ ಬದುಕುವುದಿಲ್ಲ ಎಂದು ಯೋಚಿಸಿದರೆ ಇದರ ಅರ್ಥ ಹೊಳೆಯುತ್ತದೆ. ಮಗು ನಿಮ್ಮನ್ನು ಕುಣಿಸುತ್ತಿಲ್ಲ. ಅದರ ಮೈಗೆ ಒಂದು ಹಳೆಯ ಪಾಠ ಗೊತ್ತಿದೆ: ಹೊತ್ತವರು ನಡೆಯುತ್ತಿದ್ದಾರೆ, ಈಗ ಸುಮ್ಮನಿರಬೇಕು.

2022ರಲ್ಲಿ ಅದೇ ತಂಡ 21 ಶಿಶುಗಳ ಎದೆಬಡಿತ ಅಳೆಯುತ್ತ ನಾಲ್ಕು ಬಗೆಗಳನ್ನು ಹೋಲಿಸಿತು. ಎತ್ತಿಕೊಂಡು ನಡೆಯುವುದು, ಎತ್ತಿಕೊಂಡು ಕೂರುವುದು, ಹಾಸಿಗೆಯಲ್ಲಿ ಮಲಗಿಸುವುದು, ತೂಗುವ ತೊಟ್ಟಿಲಲ್ಲಿ ಮಲಗಿಸುವುದು. ಅಳುತ್ತಿದ್ದ ಮಕ್ಕಳಿಗೆ ನಾಟಿದ್ದು ಚಲನೆ. ಎತ್ತಿಕೊಂಡು ಸುಮ್ಮನೆ ಕೂರುವುದು ಸಾಕಾಗಲಿಲ್ಲ. ಐದು ನಿಮಿಷ ನಡೆದಾಗ ಅಳುತ್ತಿದ್ದ ಮಕ್ಕಳೆಲ್ಲ ಸುಮ್ಮನಾದವು, ಸುಮಾರು ಅರ್ಧದಷ್ಟು ನಿದ್ದೆಗೆ ಜಾರಿದವು. ಆಮೇಲಿನದು ನಮಗೆಲ್ಲ ಗೊತ್ತಿರುವ ದುರಂತ: ಮೆಲ್ಲಗೆ ಮಲಗಿಸಿದರೆ ಕಣ್ಣು ತೆರೆಯುತ್ತದೆ! ಮೂರರಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳು ಕೆಳಗಿಟ್ಟ ಇಪ್ಪತ್ತು ಸೆಕೆಂಡಿನೊಳಗೆ ಎಚ್ಚರಗೊಂಡವು. ನಾವು ಹಾಸಿಗೆ ತಣ್ಣಗಿತ್ತು, ತಲೆ ತಾಗಿತು ಎನ್ನುತ್ತೇವೆ. ಎದೆಬಡಿತದ ಗೆರೆ ಬೇರೆಯದನ್ನೇ ಹೇಳಿತು. ಮಗುವಿನ ಮೈ ತಾಯಿಯ ಮೈಯಿಂದ ಬಿಡಿಸಿಕೊಳ್ಳುವ ಆ ಕ್ಷಣದಲ್ಲೇ ಬಡಿತ ಏರತೊಡಗುತ್ತದೆ, ಹಾಸಿಗೆ ಮುಟ್ಟುವುದಕ್ಕೂ ಮೊದಲೇ. ಹೆಚ್ಚು ಹೊತ್ತು ನಿದ್ದೆ ಮಾಡಿದ ಮೇಲೆ ಮಲಗಿಸಿದ ಮಕ್ಕಳು ಅಷ್ಟಾಗಿ ಏಳಲಿಲ್ಲ. ಹಾಗಾಗಿ ಅವರು ಕೊಟ್ಟ ಕ್ರಮ ಇಷ್ಟು: ಐದು ನಿಮಿಷ ನಡೆಯಿರಿ. ನಿದ್ದೆ ಹತ್ತಿದ ಮೇಲೆ ಎತ್ತಿಕೊಂಡೇ ಐದರಿಂದ ಎಂಟು ನಿಮಿಷ ಕೂತಿರಿ. ಆಮೇಲೆ ಮಲಗಿಸಿ.

21 ಮಕ್ಕಳು ಅಂದರೆ ಬಹಳ ಕಡಿಮೆ, ಇದನ್ನು ಶಾಸನ ಅಂದುಕೊಳ್ಳಬೇಡಿ. ಆದರೂ ನಾನು ಇದನ್ನು ಓದಿದಾಗ ನಮ್ಮ ರಾತ್ರಿಗಳೆಲ್ಲ ಕಣ್ಣಮುಂದೆ ಬಂದವು. ನಾವು ಎಲ್ಲಿ ಎಡವುತ್ತಿದ್ದೆವು ಎಂದು ಆಗ ತಿಳಿಯಿತು, ಆ ಎಂಟು ನಿಮಿಷದಲ್ಲಿ. ರೆಪ್ಪೆ ಮುಚ್ಚಿದ ಕೂಡಲೇ ತೊಟ್ಟಿಲ ಕಡೆ ಓಡುತ್ತಿದ್ದೆವು.

ನಡೆಯುವುದಕ್ಕೂ ಒಂದು ರೀತಿ ಇದೆ. ಇಲ್ಲಿ ಗೊಂಬೆ ಇಟ್ಟುಕೊಂಡು ತೋರಿಸುತ್ತೇನೆ. ಮಗುವಿನ ಎದೆ ನಿಮ್ಮ ಎದೆಗೆ, ಅದರ ಕೆನ್ನೆ ನಿಮ್ಮ ಭುಜದ ಕೆಳಗೆ, ಮೂಗು ಬಾಯಿ ಗಾಳಿಗೆ ತೆರೆದಿರಲಿ. ಒಂದು ಕೈ ಕುಂಡೆಯ ಕೆಳಗೆ, ಇನ್ನೊಂದು ಕೈ ಕತ್ತು ಮತ್ತು ತಲೆಯ ಹಿಂದೆ, ಬೆರಳು ಅಗಲಿಸಿ. ಕಾಲು ಕಪ್ಪೆಯ ಹಾಗೆ ಮಡಚಿಕೊಂಡಿರಲಿ. ಈಗ ನಡೆಯಿರಿ. ನೀರು ತುಂಬಿದ ಕೊಡ ಹೊತ್ತವರು ನಡೆಯುವ ಹಾಗೆ, ಒಂದೇ ಗತಿ. ಹೆಚ್ಚಿನವರು ಇಲ್ಲಿ ಅವಸರ ಮಾಡುತ್ತಾರೆ. ನಾಲ್ಕು ಹೆಜ್ಜೆ, ತಿರುಗಿ ಕುಲುಕಾಟ, ಬೆನ್ನು ತಟ್ಟು, ಗಿಲಕಿ, ದೀಪ ತೋರಿಸು, ಫ್ಯಾನ್ ತೋರಿಸು, ಇನ್ನೊಬ್ಬರ ಕೈಗೆ ಕೊಡು. ಒಂದು ನಿಮಿಷದಲ್ಲಿ ಏಳು ಉಪಾಯ. ಮೊದಲೇ ತಲೆ ತುಂಬಿ ಅಳುತ್ತಿರುವ ಜೀವಕ್ಕೆ ಇನ್ನಷ್ಟು ತುಂಬಿಸಿದ ಹಾಗೆ. ಯಾವುದಾದರೂ ಒಂದನ್ನು ಹಿಡಿದು ಐದು ನಿಮಿಷ ಮಾಡಿ. ಐದು ನಿಮಿಷ ಎಷ್ಟು ಉದ್ದ ಅಂತ ನಿಮಗೆ ಆಗ ಗೊತ್ತಾಗುತ್ತದೆ, ಗಡಿಯಾರ ನೋಡಿಕೊಳ್ಳಿ.

ಅಳು ಬಂದಾಗ ಎತ್ತಿಕೊಳ್ಳುವುದಕ್ಕಿಂತ ಅಳದಿರುವಾಗಲೂ ಎತ್ತಿಕೊಳ್ಳುವುದು ಮೇಲು ಎನ್ನುವುದಕ್ಕೆ 1986ರ ಒಂದು ಪ್ರಯೋಗವಿದೆ. ಕೆನಡಾದಲ್ಲಿ ಹುಂಜಿಕರ್ ಮತ್ತು ಬಾರ್ 99 ತಾಯಿಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ ಕನಿಷ್ಠ ಮೂರು ಗಂಟೆ ಮಗುವನ್ನು ಹೊತ್ತಿರಿ, ಅಳಲಿ ಬಿಡಲಿ, ಎಂದು ಹೇಳಿದರು. ಆರನೇ ವಾರದಲ್ಲಿ ಆ ಗುಂಪಿನ ಮಕ್ಕಳ ಅಳು 43 ಶೇಕಡ ಕಡಿಮೆ ಇತ್ತು. ಇಷ್ಟು ಹೇಳಿ ನಿಲ್ಲಿಸಿದರೆ ಮೋಸವಾಗುತ್ತದೆ. ಅದೇ ಬಾರ್ ಆಮೇಲೆ ಈಗಾಗಲೇ ಕಾಲಿಕ್ ಹಿಡಿದಿರುವ ಮಕ್ಕಳಲ್ಲಿ ಇದನ್ನು ಪರೀಕ್ಷಿಸಿದಾಗ ಉಪಯೋಗ ಕಾಣಲಿಲ್ಲ. ಹಾಗಾಗಿ ಮೂರು ಗಂಟೆ ಹೊತ್ತು ತಿರುಗಿಯೂ ಮಗು ಅಳುತ್ತಿದ್ದರೆ ‘ನಾನು ಸರಿಯಾಗಿ ಹೊರಲಿಲ್ಲ’ ಅಂದುಕೊಳ್ಳಬೇಡಿ.

ಅಲ್ಲಿ ಅಜ್ಜಿಯೊಬ್ಬರು ತಲೆ ಆಡಿಸುತ್ತಿದ್ದಾರೆ. ‘ಹೀಗೆ ಎತ್ತಿ ಎತ್ತಿ ಅಭ್ಯಾಸ ಮಾಡಿಸಿದರೆ ನಾಳೆ ಕೆಳಗೇ ಇಳಿಯಲ್ಲ ಅಲ್ವೇನಮ್ಮ?’

ಅಮ್ಮಾ, ನಿಮ್ಮ ಹಾಗೆಯೇ ಹೇಳಿದ ದೊಡ್ಡ ವಿದ್ವಾಂಸರಿದ್ದರು. ಜಾನ್ ವಾಟ್ಸನ್ ಎಂಬ ಮನಶ್ಶಾಸ್ತ್ರಜ್ಞ 1928ರಲ್ಲಿ ಮಕ್ಕಳನ್ನು ಅಪ್ಪಬೇಡಿ, ಮುದ್ದಿಸಬೇಡಿ, ಬೆಳಿಗ್ಗೆ ಎದ್ದಾಗ ಕೈಕುಲುಕಿ ಎಂದು ಬರೆದರು. (ಸಭೆಯಲ್ಲಿ ನಗು. ಅಜ್ಜಿಯೇ ಮೊದಲು ನಕ್ಕರು.) 1972ರಲ್ಲಿ ಬೆಲ್ ಮತ್ತು ಐನ್ಸ್‌ವರ್ತ್ 26 ಮಕ್ಕಳನ್ನು ಒಂದು ವರ್ಷ ನೋಡಿ, ಮೊದಲ ತಿಂಗಳುಗಳಲ್ಲಿ ಬೇಗ ಸ್ಪಂದನೆ ಸಿಕ್ಕ ಮಕ್ಕಳು ವರ್ಷದ ಕೊನೆಗೆ ಕಡಿಮೆ ಅಳುತ್ತಿದ್ದವು ಎಂದರು. ಆಮೇಲೆ ನೆದರ್ಲೆಂಡ್ಸ್‌ನಲ್ಲಿ ಮಾಡಿದ ಅಧ್ಯಯನದಲ್ಲಿ ಅದೇ ಫಲ ಬರಲಿಲ್ಲ. ಆದ್ದರಿಂದ ‘ಎತ್ತಿಕೊಂಡರೆ ಮುಂದೆ ಅಳುವುದೇ ಇಲ್ಲ’ ಎಂದು ನಾನು ಮಾತು ಕೊಡಲಾರೆ. ಹಠಕ್ಕೆ ‘ಹೀಗೆ ಮಾಡಿದರೆ ಅವರು ಹೀಗೆ ಮಾಡುತ್ತಾರೆ’ ಎಂಬ ಲೆಕ್ಕಾಚಾರ ಬೇಕು. ಎರಡು ತಿಂಗಳ ಕೂಸಿಗೆ ತನ್ನ ಕೈ ತನ್ನದು ಎನ್ನುವುದೇ ಇನ್ನೂ ಗೊತ್ತಿರುವುದಿಲ್ಲ. ಅದು ಹಿಡಿಯುವುದು ರಚ್ಚೆ, ಹಠವಲ್ಲ. ನಮ್ಮ ಭಾಷೆ ಎರಡನ್ನೂ ಬೇರೆ ಬೇರೆ ಇಟ್ಟಿದೆಯಲ್ಲ, ನಾವೇ ಯಾಕೆ ಕಲಸಬೇಕು?

ಸದ್ದಿನ ವಿಷಯ. ತಾಯಿಯ ಹೊಟ್ಟೆಯೊಳಗೆ ನಿಶ್ಶಬ್ದವಿರುವುದಿಲ್ಲ, ರಕ್ತ ಹರಿಯುವ ಸದ್ದು, ಎದೆಬಡಿತ, ತಾಯಿಯ ಮಾತು. 2009ರಲ್ಲಿ ಮೂರರಿಂದ ಐದು ದಿನದ 60 ಕೂಸುಗಳ ಅಳುವನ್ನು ವಿಶ್ಲೇಷಿಸಿದಾಗ ಫ್ರೆಂಚ್ ಮನೆಯ ಕೂಸುಗಳ ಅಳು ಏರುವ ರಾಗದಲ್ಲಿತ್ತು, ಜರ್ಮನ್ ಮನೆಯವುಗಳದ್ದು ಇಳಿಯುವ ರಾಗದಲ್ಲಿತ್ತು, ತಮ್ಮ ತಮ್ಮ ಭಾಷೆಯ ಮಾತಿನ ಏರಿಳಿತದಂತೆ. ಅಳುವುದನ್ನೂ ಒಳಗಿದ್ದಾಗಲೇ ತಾಯ್ನುಡಿಯಲ್ಲಿ ಕಲಿತು ಬಂದಿರುತ್ತವೆ! ಒಂದೇ ಸಮನೆ ‘ಶ್’ ಎನ್ನುವ ಸದ್ದು ಕೆಲಸ ಮಾಡುವುದು ಅದು ಒಳಗಿನ ಮೊರೆತವನ್ನು ಹೋಲುವುದರಿಂದ ಎನ್ನುತ್ತಾರೆ. 1990ರ ಒಂದು ಪ್ರಯೋಗದಲ್ಲಿ ಅಂಥ ಮೊರೆತ ಕೇಳಿಸಿದ 20 ನವಜಾತ ಶಿಶುಗಳಲ್ಲಿ 16 ಐದೇ ನಿಮಿಷದಲ್ಲಿ ಮಲಗಿದವು, ಕೇಳಿಸದ 20ರಲ್ಲಿ 5 ಮಾತ್ರ. ಆದರೆ ಅದಕ್ಕೆಂದೇ ಮಾರುವ ಯಂತ್ರಗಳನ್ನು 2014ರಲ್ಲಿ ಪರೀಕ್ಷಿಸಿದಾಗ 14ರಲ್ಲಿ ಮೂರು, ಒಂದಡಿ ದೂರದಲ್ಲಿ 85 ಡೆಸಿಬಲ್ ಮೀರಿದವು. ದಿನವಿಡೀ ಅಷ್ಟು ಸದ್ದು ದೊಡ್ಡವರ ಕಿವಿಗೂ ಒಳ್ಳೆಯದಲ್ಲ. ಯಂತ್ರವೋ ಫೋನೋ, ಮಗುವಿನಿಂದ ಆರೇಳು ಅಡಿ ದೂರ ಇಡಿ, ಮೆಲ್ಲಗೆ ಇಡಿ, ಮಲಗಿದ ಮೇಲೆ ಆರಿಸಿ.

ನಿಮ್ಮ ಗಂಟಲೇ ಇರುವಾಗ ಯಂತ್ರ ಯಾಕೆ ಎನ್ನುವುದು ನನ್ನ ಸ್ವಂತ ಅಭಿಪ್ರಾಯ. ಕೆನಡಾದ ಸಂಶೋಧಕರು 2015ರಲ್ಲಿ ಆರರಿಂದ ಒಂಬತ್ತು ತಿಂಗಳ ಮಕ್ಕಳಿಗೆ ಗೊತ್ತಿಲ್ಲದ ಭಾಷೆಯ ಹಾಡು ಕೇಳಿಸಿದರು, ಮಾತೂ ಕೇಳಿಸಿದರು. ಹಾಡು ಕೇಳುತ್ತ ಒಂಬತ್ತು ನಿಮಿಷ ನೆಮ್ಮದಿಯಾಗಿದ್ದ ಮಕ್ಕಳು, ಮಾತು ಕೇಳುತ್ತ ನಾಲ್ಕೇ ನಿಮಿಷಕ್ಕೆ ಮುಖ ಸಿಂಡರಿಸಿದವು. ಅರ್ಥ ಬೇಕಿಲ್ಲ, ಸ್ವರಜ್ಞಾನವೂ ಬೇಕಿಲ್ಲ. ನನ್ನ ಗಂಡ ಸ್ವರ ಹಿಡಿಯಲಾರದೆ ಮಗ್ಗಿಯನ್ನೇ ರಾಗವಾಗಿ ಹೇಳುತ್ತಿದ್ದರು. ಹದಿನೇಳರ ಮಗ್ಗಿಗೆ ನಮ್ಮ ಮಗಳು ಮಲಗುತ್ತಿದ್ದಳು.

ಬಟ್ಟೆಯಲ್ಲಿ ಸುತ್ತುವುದು ಹಲವು ಮಕ್ಕಳಿಗೆ ಹಿತ. ನಿದ್ದೆಯಲ್ಲಿ ಬೆಚ್ಚಿ ಕೈ ಚೆಲ್ಲುವ ಪ್ರತಿವರ್ತನೆ, 1918ರಲ್ಲಿ ಅರ್ನ್‌ಸ್ಟ್ ಮೊರೊ ವಿವರಿಸಿದ್ದು, ಮಗುವನ್ನು ತಾನೇ ಎಬ್ಬಿಸಿಬಿಡುತ್ತದೆ. ಸುತ್ತಿದರೆ ಅದು ತಗ್ಗುತ್ತದೆ. ಮೂರು ನಿಯಮಗಳು: ಸೊಂಟದ ಕೆಳಗೆ ಸಡಿಲ, ಕಾಲು ಮಡಚಿ ಅಗಲಿಸಲು ಬರಬೇಕು, ಇಲ್ಲದಿದ್ದರೆ ಸೊಂಟದ ಕೀಲಿಗೆ ತೊಂದರೆ. ಯಾವಾಗಲೂ ಅಂಗಾತ ಮಲಗಿಸಿ. ಮಗ್ಗುಲಾಗಲು ಪ್ರಯತ್ನಿಸಿದ ದಿನವೇ ಸುತ್ತುವುದನ್ನು ಬಿಡಿ. ಚೀಪಲು ಕೊಡುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ತೊಳೆದ ಬೆರಳೂ ಆದೀತು. ಪ್ಯಾಸಿಫೈಯರ್ ಆದರೆ ಹಾಲೂಡಿಸುವುದು ಹದಕ್ಕೆ ಬಂದ ಮೇಲೆ.

‘ತಾಯಿಗಾದರೆ ಅಳು ಕೇಳಿದರೇ ಗೊತ್ತಾಗುತ್ತೆ’ ಎಂದು ಕೈತೊಳೆದುಕೊಳ್ಳುವ ಅಪ್ಪಂದಿರಿಗೆ ಎರಡು ಮಾತು. 2013ರಲ್ಲಿ ಫ್ರಾನ್ಸ್‌ನ ಸಂಶೋಧಕರು ನೋಡಿದಾಗ, ದಿನಕ್ಕೆ ನಾಲ್ಕು ಗಂಟೆ ಮಗುವಿನ ಜೊತೆ ಕಳೆಯುವ ಅಪ್ಪಂದಿರು ತಮ್ಮ ಮಗುವಿನ ಅಳುವನ್ನು ಇತರ ಮಕ್ಕಳ ಅಳುವಿನ ನಡುವೆ ತಾಯಂದಿರಷ್ಟೇ ಚೆನ್ನಾಗಿ ಗುರುತಿಸಿದರು. 2022ರಲ್ಲಿ ಇನ್ನೊಂದು: ನೋವಿನ ಅಳು ಯಾವುದು, ಬರೀ ಕಿರಿಕಿರಿಯದ್ದು ಯಾವುದು ಎಂದು ಬಿಡಿಸಿ ಹೇಳುವುದು ಮಕ್ಕಳನ್ನು ನೋಡಿಕೊಂಡ ಅನುಭವವೇ ಇಲ್ಲದವರಿಗೆ ಆಗಲಿಲ್ಲ, ಎಳೆಮಕ್ಕಳ ತಂದೆತಾಯಿಗೆ ಪರರ ಕೂಸಿನಲ್ಲೂ ಆಯಿತು. ಅದು ಹೆಣ್ಣಿನ ಕರುಳಿನ ಗುಟ್ಟಲ್ಲ, ಹೊತ್ತ ಗಂಟೆಗಳ ಲೆಕ್ಕ.

ಈಗ ಮೊದಲಿಗೆ ಬಿಟ್ಟದ್ದಕ್ಕೆ ಬರುತ್ತೇನೆ, ನನ್ನನ್ನು ಹೊಡೆಯುವ ಹಾಗೆ ನೋಡಿದವರ ವಿಷಯ. ಆರನೇ ವಾರದ ಒಂದು ರಾತ್ರಿ, ಎರಡು ತಾಸು ಹೊತ್ತ ಮೇಲೆ, ನಾನು ಮಗಳನ್ನು ಎರಡೂ ಕೈಯಲ್ಲಿ ಮುಖದೆದುರು ಹಿಡಿದು ‘ಏನು ಬೇಕು ನಿನಗೆ?’ ಎಂದು ಕಿರುಚಿದೆ. ನನ್ನ ಹೆಬ್ಬೆರಳುಗಳು ಅವಳ ಪಕ್ಕೆಯ ಮೇಲಿದ್ದವು. ಅವು ಎಷ್ಟು ಬಿಗಿಯಾಗಿದ್ದವು ಎನ್ನುವುದು ನನಗೆ ಈಗಲೂ ನೆನಪಿದೆ. ನಾನು, ನರ್ಸ್, ಇಂಥ ಮಕ್ಕಳ ಸ್ಕ್ಯಾನ್‌ಗಳನ್ನು ನೋಡಿದವಳು.

ಕೂಸಿನ ತಲೆ ಅದರ ಉದ್ದದ ಕಾಲು ಭಾಗ, ಕತ್ತಿಗೆ ಬಲವಿಲ್ಲ. ಹಿಡಿದು ಅಲ್ಲಾಡಿಸಿದರೆ ಮಿದುಳು ತಲೆಬುರುಡೆಯೊಳಗೆ ಹೊಯ್ದಾಡುತ್ತದೆ, ಸಣ್ಣ ರಕ್ತನಾಳಗಳು ಹರಿಯುತ್ತವೆ, ಕಣ್ಣಿನೊಳಗಿನ ಹಿಂಪದರದಲ್ಲಿ ರಕ್ತ ಸೋರುತ್ತದೆ. ಕೆಲವೇ ಸೆಕೆಂಡು ಸಾಕು. ಹೀಗೆ ಗಾಯಗೊಂಡು ಆಸ್ಪತ್ರೆ ಸೇರಿದ ಮಕ್ಕಳ ವಯಸ್ಸನ್ನು ಗೆರೆ ಹಾಕಿ ನೋಡಿದಾಗ ಅದೂ ಗುಡ್ಡವೇ, ಅಳುವಿನ ಗುಡ್ಡದಂಥದೇ, ತುದಿ ಕೆಲವು ವಾರ ತಡವಾಗಿ. ಮಾಡಿದವರೆಲ್ಲ ರಾಕ್ಷಸರಲ್ಲ. ಹೆಚ್ಚಿನವರು ನಿದ್ದೆಗೆಟ್ಟು, ಅಳು ನಿಲ್ಲಿಸಲೇಬೇಕು ಎಂದು ಹಟಕ್ಕೆ ಬಿದ್ದವರು.

ಹಾಗಾಗಿ ಇದನ್ನು ಮನೆಯವರೆಲ್ಲರಿಗೂ ಹೇಳಿ, ಮಗುವನ್ನು ನೋಡಿಕೊಳ್ಳುವ ಪ್ರತಿಯೊಬ್ಬರಿಗೂ. ಹಲ್ಲು ಕಚ್ಚಿಕೊಂಡಿದ್ದೀರಿ ಎಂದು ನಿಮಗೇ ಅನ್ನಿಸಿದಾಗ ಮಗುವನ್ನು ಅಂಗಾತ, ಸಮತಟ್ಟಾದ ಹಾಸಿಗೆಯಲ್ಲಿ, ದಿಂಬು ಹೊದಿಕೆ ಏನೂ ಇಲ್ಲದೆ ಮಲಗಿಸಿ, ಕೋಣೆಯಿಂದ ಹೊರಗೆ ಬನ್ನಿ. ಐದು ನಿಮಿಷ, ಹತ್ತು ನಿಮಿಷ. ಮುಖ ತೊಳೆಯಿರಿ. ಯಾರಿಗಾದರೂ ಫೋನ್ ಮಾಡಿ. ಅಳು ಕೇಳುತ್ತಲೇ ಇರುತ್ತದೆ, ಇರಲಿ. ಹತ್ತು ನಿಮಿಷದ ಅಳುವಿನಿಂದ ಆರೋಗ್ಯವಂತ ಮಗುವಿಗೆ ಏನೂ ಆಗುವುದಿಲ್ಲ. ಆ ರಾತ್ರಿ ನಾನು ಅವಳನ್ನು ತೊಟ್ಟಿಲಲ್ಲಿ ಬಿಟ್ಟು ಹೊರಬಂದು ಬಚ್ಚಲುಮನೆಯ ನಲ್ಲಿ ತಿರುಗಿಸಿ ನಿಂತೆ. ನೀರಿನ ಸದ್ದಿಗೆ ಅಳು ಅರ್ಧ ಮುಚ್ಚಿಹೋಯಿತು. ನನ್ನ ಗಂಡ ಎದ್ದು ಬಂದು ಮಗ್ಗಿ ಶುರು ಮಾಡಿದರು.

‘ನಿಮ್ಮ ಮಗಳು ಯಾವಾಗ ನಿಲ್ಲಿಸಿದಳು ಮೇಡಂ?’

ನಿಲ್ಲಿಸಿದ ದಿನ ನಮಗೆ ಗೊತ್ತಾಗಲೇ ಇಲ್ಲ. ಹನ್ನೆರಡನೆಯದೋ ಹದಿಮೂರನೆಯದೋ ವಾರ. ಒಂದು ಸಂಜೆ ಇಬ್ಬರೂ ಊಟಕ್ಕೆ ಕೂತಿದ್ದೆವು, ಒಟ್ಟಿಗೆ. ಅರ್ಧ ಊಟವಾದ ಮೇಲೆ ಅವರು ಗಡಿಯಾರ ನೋಡಿದರು, ನಾನೂ ನೋಡಿದೆ. ಎಂಟೂವರೆ. ಮನೆಯಲ್ಲಿ ಸದ್ದೇ ಇಲ್ಲ. ತುತ್ತು ಬಿಟ್ಟು ಎದ್ದು ಓಡಿದೆವು. ಮಲಗಿದ್ದಳು. ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ನಾನು ಎಡಗೈಯ ಬೆರಳನ್ನು ಅವಳ ಮೂಗಿನ ಹತ್ತಿರ ಹಿಡಿದೆ. ಎಚ್ಚರವಾಗಿ ಅಳಲು ಶುರು ಮಾಡಿದಳು.